ಎಂಟಿಬಿ ಟೈರ್‌ಗೆ ಎಷ್ಟು ಗಾಳಿ ಹೊಡೆಸಬೇಕು?

ಪ್ರಶ್ನೆ: ನಾನು ವಿಜಯಪುರದ ಕಡೆಯವನು, ಕೆಲಸಕ್ಕಾಗಿ ಬೆಳಗಾವಿಯಲ್ಲಿದ್ದೇನೆ. ಹೋದ ವರ್ಷ 29 ಇಂಚಿನ ಎಂಟಿಬಿ, ಅಂದರೆ ಮೌಂಟನ್ ಬೈಕ್ ಸೈಕಲ್ ತಗೊಂಡೆ. ಟೈರ್ 2.25 ಇಂಚು ಅಗಲ, ಒಳಗೆ ಟ್ಯೂಬ್ ಇದೆ. ನನ್ನ ತೂಕ 72 ಕಿಲೊ. ಅಂಗಡಿಯಲ್ಲಿ ಪ್ರತಿ ಸಲ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹಾಕಿ ಕೊಡುತ್ತಾರೆ. ಜಾಂಬೋಟಿ ಕಡೆ ಕಚ್ಚಾ ದಾರಿಗೆ ಇಳಿದರೆ ಮುಂದಿನ ಗಾಲಿ ಜಾರುತ್ತದೆ. ಊರಿಗೆ ಒಯ್ದರೆ ಪಂಕ್ಚರ್ ಮೇಲೆ ಪಂಕ್ಚರ್. ಬೇರೆ ಟೈರ್ ಹಾಕಿಸಬೇಕಾ? ಗಾಳಿ ಎಷ್ಟಿರಬೇಕು?

ಉತ್ತರ: ಸದ್ಯಕ್ಕೆ ಟೈರ್ ಕೊಳ್ಳಬೇಡಿ. ಮೊದಲು ಗಾಳಿ ಇಳಿಸಿ. ಕಚ್ಚಾ ದಾರಿಗೆ ಮುಂದಿನ ಗಾಲಿಯಲ್ಲಿ 28, ಹಿಂದಿನದರಲ್ಲಿ 31 ಪಿಎಸ್‌ಐ ಇಟ್ಟು ಒಂದು ಭಾನುವಾರ ಓಡಿಸಿ ನೋಡಿ. ಅದೇ ಸೈಕಲ್, ಅದೇ ಟೈರ್, ಆದರೆ ಬೇರೆ ಗಾಡಿ ಹತ್ತಿದ ಹಾಗೆ ಅನಿಸುತ್ತದೆ. ಪಂಕ್ಚರ್ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಟೈರ್‌ನ ಪಕ್ಕದಲ್ಲಿ ಗಾಳಿಯ ಅಂಕಿ ಅಚ್ಚಾಗಿರುತ್ತದೆ, ನೋಡಿರಬಹುದು. ಅದು ಆ ಟೈರ್ ತಡೆದುಕೊಳ್ಳುವ ಗರಿಷ್ಠ ಒತ್ತಡ. ಅಷ್ಟೇ ತುಂಬಿಸಿ ಎಂದು ಅದರ ಅರ್ಥವಲ್ಲ. ಗಾಳಿ ಜಾಸ್ತಿ ಇದ್ದರೆ ಸೈಕಲ್ ಹಗುರ ಓಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅಪ್ಪನ ಕಾಲದ ಕರಿ ಸೈಕಲ್, ಸಣ್ಣ ಟೈರ್, ಡಾಂಬರು ರಸ್ತೆ. ಅಲ್ಲಿ ಆ ಮಾತು ಸರಿಯೇ. ಕಲ್ಲು, ಗರಸು ಇರುವ ದಾರಿಯಲ್ಲಿ ಅದು ಉಲ್ಟಾ ಆಗುತ್ತದೆ. ಗಟ್ಟಿ ಟೈರ್ ಕಲ್ಲಿನ ಮೇಲೆ ಹಾರುತ್ತದೆ. ಒಂದೊಂದು ಕಲ್ಲು ಬಂದಾಗಲೂ ನಿಮ್ಮನ್ನೂ ಸೈಕಲ್ಲನ್ನೂ ಎತ್ತಿ ಇಳಿಸಬೇಕು. ಆ ಶಕ್ತಿ ನಿಮ್ಮ ಕಾಲಿನದು. ಗಾಳಿ ಸ್ವಲ್ಪ ಕಡಿಮೆ ಇದ್ದರೆ ಟೈರೇ ಒಳಗೆ ಬಾಗಿ ಕಲ್ಲನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ನೆಲಕ್ಕೆ ತಾಗುವ ಜಾಗವೂ ಜಾಸ್ತಿಯಾಗುತ್ತದೆ, ಹಿಡಿತ ಬರುತ್ತದೆ.

ನಾನೂ ಇದನ್ನು ಬಿದ್ದೇ ಕಲಿತವನು. ಬೆಳಗಾವಿಯ ಪಶ್ಚಿಮಕ್ಕೆ ಹೋದರೆ ಕೆಂಪು ಜಂಬಿಟ್ಟಿಗೆ ನೆಲ. ಬೇಸಿಗೆಯಲ್ಲಿ ಅದು ಗಚ್ಚಿನ ಹಾಗೆ ಗಟ್ಟಿ, ಮೇಲೆ ಸಣ್ಣ ಸಣ್ಣ ಗುಂಡು ಹರಳು. ಗಚ್ಚಿನ ಮೇಲೆ ಜೋಳ ಚೆಲ್ಲಿ ಅದರ ಮೇಲೆ ನಡೆದರೆ ಹೇಗಿರುತ್ತದೋ ಹಾಗೆ. ಇಳಿಜಾರಿನ ತಿರುವಿನಲ್ಲಿ ಮುಂದಿನ ಗಾಲಿ ಸರಕ್ಕನೆ ಹೊರಗೆ ಹೋಯಿತು. ಮೊಣಕೈ ಸುಲಿದುಕೊಂಡು ಎದ್ದು ನೋಡಿದರೆ ಟೈರ್ ಹೋದ ಗೆರೆ ಎರಡು ಬೆರಳಿನಷ್ಟೂ ಅಗಲವಿಲ್ಲ. ಕೊಟ್ಟದ್ದು 2.25 ಇಂಚಿನ ದುಡ್ಡು, ನೆಲಕ್ಕೆ ತಾಗಿದ್ದು ನಡುವಿನ ಒಂದೇ ಸಾಲು ಹಲ್ಲು. ಟೈರ್ ಮೇಲೆ ಎದ್ದಿರುವ ರಬ್ಬರ್ ತುಂಡುಗಳನ್ನು ಇಲ್ಲಿ ಹಲ್ಲು ಎನ್ನುತ್ತೇನೆ. ಅಲ್ಲೇ ಕೂತು ವಾಲ್ವ್‌ನ ಪಿನ್ನು ಒತ್ತಿ ಬುಸ್ ಬುಸ್ ಎಂದು ಗಾಳಿ ಬಿಟ್ಟೆ. ಮತ್ತೆ ಹೊರಟಾಗ ಗೆರೆ ಅಗಲವಾಗಿತ್ತು, ಪಕ್ಕದ ಹಲ್ಲುಗಳ ಗುರುತೂ ಮೂಡಿತ್ತು. ನಿಮಗೂ ಇದೇ ಪರೀಕ್ಷೆ ಹೇಳುತ್ತೇನೆ. ಮೆತ್ತನೆಯ ಧೂಳಿನಲ್ಲಿ ನಾಲ್ಕು ಮಾರು ಓಡಿಸಿ, ಇಳಿದು ಹಿಂದೆ ತಿರುಗಿ ಗೆರೆ ನೋಡಿ.

ಹಾಗಂತ ಎಷ್ಟು ಬೇಕಾದರೂ ಇಳಿಸಬಹುದಾ? ಇಲ್ಲ. ಟ್ಯೂಬ್ ಇರುವ ಟೈರ್‌ನಲ್ಲಿ ಗಾಳಿ ತೀರಾ ಕಡಿಮೆಯಾದರೆ ಕಲ್ಲು ಬಡಿದಾಗ ಟೈರ್ ಪೂರ್ತಿ ಚಪ್ಪಟೆಯಾಗಿ ಟ್ಯೂಬ್ ರಿಮ್ಮಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಟ್ಯೂಬಿನಲ್ಲಿ ಎರಡು ತೂತು ಕಂಡರೆ ಗಾಳಿ ಕಡಿಮೆ ಇತ್ತು ಎಂದು ತಿಳಿಯಿರಿ. ಒಂದೇ ತೂತು ಕಂಡರೆ ಬಹುತೇಕ ಮುಳ್ಳು. ತಿರುವಿನಲ್ಲಿ ಟೈರ್ ರಿಮ್ಮಿನ ಮೇಲೆ ಅತ್ತಿತ್ತ ಹೊರಳಿದಂತೆ ಅನಿಸಿದರೂ ಗಾಳಿ ಸಾಲದು ಎಂದೇ ಅರ್ಥ.

ಈ ಎರಡರ ನಡುವೆ ನಿಮ್ಮ ಅಂಕಿ ಇದೆ. ನಾನು ಹೇಳಿದ 28, 31 ನಿಮ್ಮ ತೂಕ, ನಿಮ್ಮ ಟೈರ್ ನೋಡಿ ಹೇಳಿದ್ದು. ಬೇರೆಯವರು ಐದು ಕಿಲೊ ತೂಕಕ್ಕೆ ಸುಮಾರು ಒಂದು ಪಿಎಸ್‌ಐ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಹಿಂದಿನ ಗಾಲಿಯ ಮೇಲೆ ಭಾರ ಜಾಸ್ತಿ, ಅದಕ್ಕೇ ಅಲ್ಲಿ ಎರಡು ಮೂರು ಪಿಎಸ್‌ಐ ಹೆಚ್ಚು. ಟೈರ್ ಅಗಲವಾದಷ್ಟೂ ಗಾಳಿ ಕಡಿಮೆ ಸಾಕು. ಟ್ಯೂಬ್‌ಲೆಸ್ ಆದರೆ ರಿಮ್ಮಿಗೆ ಸಿಕ್ಕಿಕೊಳ್ಳಲು ಟ್ಯೂಬೇ ಇರುವುದಿಲ್ಲವಲ್ಲ, ಇನ್ನೂ ನಾಲ್ಕೈದು ಇಳಿಸಬಹುದು. ಈ ಅಂಕಿಯಿಂದ ಶುರು ಮಾಡಿದ ಮೇಲೆ ಒಂದು ಸಲಕ್ಕೆ ಎರಡು ಪಿಎಸ್‌ಐ ಮಾತ್ರ ಬದಲಿಸಿ, ಅದೇ ದಾರಿಯಲ್ಲಿ ಓಡಿಸಿ ನೋಡಿ. ಒಮ್ಮೆಗೇ ಹತ್ತು ಇಳಿಸಿದರೆ ಏನು ಬದಲಾಯಿತು ಎಂದು ಗೊತ್ತೇ ಆಗುವುದಿಲ್ಲ.

ಬೆರಳಿನಿಂದ ಒತ್ತಿ ನೋಡುವುದನ್ನು ಬಿಟ್ಟುಬಿಡಿ. ಹೆಬ್ಬೆರಳಿಗೆ 30ಕ್ಕೂ 35ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಗಾಲಿಗೆ ಚೆನ್ನಾಗಿ ತಿಳಿಯುತ್ತದೆ. ಮೀಟರ್ ಇರುವ ಪಂಪ್ ಒಂದು ಮನೆಯಲ್ಲಿರಲಿ. ಒಂದು ಮೀಟರ್‌ಗೂ ಇನ್ನೊಂದಕ್ಕೂ ಎರಡು ಮೂರು ಪಿಎಸ್‌ಐ ಫರಕು ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯಾವಾಗಲೂ ಅದೇ ಮೀಟರ್ ಬಳಸಿದರೆ ಸಾಕು. ಟ್ಯೂಬಿನ ವಾಲ್ವ್ ಮೋಟರ್‌ಸೈಕಲ್ಲಿನದರಂತೆ ದಪ್ಪಗಿದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು, ಆದರೆ ಕಣ್ಣು ಮೀಟರ್ ಮೇಲಿರಲಿ. ಕಾರಿಗೆ ಹಾಕುವ ಕೈ ಅದು, ಕ್ಷಣದಲ್ಲಿ ಮೇಲೇರುತ್ತದೆ. ವಾಲ್ವ್ ತೆಳ್ಳಗೆ ಉದ್ದಕ್ಕಿದ್ದರೆ ಪ್ರೆಸ್ಟಾ. ಅದಕ್ಕೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಬೇಕು.

ಇನ್ನು ನೆಲದ ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳ ಅದೃಷ್ಟ ನೋಡಿ, ಸೈಕಲ್‌ನವರಿಗೆ ಬೇಕಾದ ಎಲ್ಲ ನಮೂನೆಯ ನೆಲವೂ ಇಲ್ಲಿದೆ.

ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲ ಎಂದರೆ ಸುಮ್ನೆ ಮಾತಲ್ಲ. ಕಣಕುಂಬಿ ಮಲಪ್ರಭೆ ಹುಟ್ಟುವ ಜಾಗ, ಘಟ್ಟದ ಅಂಚು. ಅಲ್ಲಿ ಹರಳು ಮಾತ್ರ ಅಲ್ಲ, ಪಾಚಿ ಹಿಡಿದ ಕಲ್ಲು, ಒದ್ದೆ ಬೇರು ಎಲ್ಲ ಇದೆ. ಮುಂದೆ 26, ಹಿಂದೆ 29ಕ್ಕೆ ಇಳಿಸಿ. ಇಲ್ಲಿ ಹಲ್ಲಿಗಿಂತ ರಬ್ಬರ್ ಮುಖ್ಯ. ಮೆತ್ತನೆಯ ರಬ್ಬರ್ ಒದ್ದೆ ಕಲ್ಲನ್ನು ಹಿಡಿಯುತ್ತದೆ, ಗಟ್ಟಿ ರಬ್ಬರ್ ಎಷ್ಟು ದೊಡ್ಡ ಹಲ್ಲಿದ್ದರೂ ಜಾರುತ್ತದೆ. ಮೆತ್ತನೆಯದು ಬೇಗ ಸವೆಯುತ್ತದೆ, ಅದೊಂದು ಕಷ್ಟ. ಅದಕ್ಕೇ ಬಹಳ ಜನ ಮುಂದೆ ಮೆತ್ತನೆಯದು, ಹಿಂದೆ ಗಟ್ಟಿಯದು ಹಾಕುತ್ತಾರೆ. ಹಿಂದಿನ ಗಾಲಿ ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲವೇ ಗತಿ.

ಬಾದಾಮಿ ಕಡೆ ಹೋದರೆ ಕೆಂಪು ಮರಳುಗಲ್ಲು. ಒಣಗಿದಾಗ ಈ ಕಲ್ಲು ಉಪ್ಪುಕಾಗದದ ಹಾಗೆ ಟೈರನ್ನು ಹಿಡಿದುಕೊಳ್ಳುತ್ತದೆ, ಜಾರುವ ಭಯ ಕಡಿಮೆ. ಅಲ್ಲಿ ಭಯ ಬೇರೆಯದು, ಚೂಪು ಅಂಚು. ಟ್ಯೂಬ್ ಇದ್ದರೆ ಹಿಂದೆ 33 ಇರಲಿ. ಆದರೆ ಅದೇ ದಾರಿ ಹಳ್ಳಕ್ಕೆ ಇಳಿದರೆ ಉಸುಕು. ಉಸುಕಿನಲ್ಲಿ 24ರ ಆಸುಪಾಸು ಬೇಕು. ಹಾಗಾಗಿ ಉದ್ದ ಉಸುಕಿದ್ದರೆ ಇಳಿದು ತಳ್ಳುವುದೇ ಲೇಸು. ಇಪ್ಪತ್ತು ಮಾರು ಉಸುಕಿಗಾಗಿ ಗಾಳಿ ಇಳಿಸಿ, ಆಮೇಲೆ ಕಲ್ಲಿಗೆ ಟ್ಯೂಬ್ ಕೊಡುವುದು ಬೇಡ.

ಇನ್ನು ನಿಮ್ಮ ಊರಿನ ಎರೆ ಮಣ್ಣು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುತ್ತಾರಲ್ಲ, ಆ ಜೋಳ ಬೆಳೆಯುವ ಮಣ್ಣು. ನೀರು ಹಿಡಿದಿಟ್ಟುಕೊಳ್ಳುವ ಅದರ ಗುಣ ಬೆಳೆಗೆ ವರ, ಗಾಲಿಗೆ ಶಾಪ. ಒಂದು ಹದ ಮಳೆಯಾದ ಮರುದಿನ ಬೆಳಗ್ಗೆ ನಾನು ಚಕ್ಕಡಿ ದಾರಿಯಲ್ಲಿ ಸೈಕಲ್ ಇಳಿಸಿದ್ದೆ. ಮೊದಲ ಐವತ್ತು ಮಾರು ಏನೂ ಆಗಲಿಲ್ಲ. ಆಮೇಲೆ ಟೈರ್ ಕಣ್ಣೆದುರಿಗೇ ದಪ್ಪ ಆಗತೊಡಗಿತು. ಹಲ್ಲು ಮುಚ್ಚಿಹೋಯಿತು, ರಾಡಿಯ ಮೇಲೆ ಕಸಕಡ್ಡಿ ಅಂಟಿತು, ಅದರ ಮೇಲೆ ಮತ್ತೆ ರಾಡಿ. ಕೊನೆಗೆ ಮುಂದಿನ ಫೋರ್ಕಿನ ಕಮಾನಿಗೆ ಮಣ್ಣಿನ ಮುದ್ದೆ ಸಿಕ್ಕಿ ಗಾಲಿ ಗಕ್ಕನೆ ನಿಂತಿತು. ತಳ್ಳಲೂ ಆಗಲಿಲ್ಲ. ಹೊಲದ ಬದುವಿನಲ್ಲಿ ಬಿದ್ದಿದ್ದ ಕಣಿಕೆಯ ದಂಟು ಮುರಿದು ಮಣ್ಣು ಕೆತ್ತಿ ತೆಗೆಯುತ್ತ ಕೂತೆ. ಅರ್ಧ ಕೆತ್ತುವಷ್ಟರಲ್ಲಿ ದಂಟೇ ಮುರಿಯಿತು. ಕೊನೆಗೆ ಸೈಕಲ್ ಹೆಗಲ ಮೇಲೆ ಬಂತು.

ಇದಕ್ಕೆ ಯಾವ ಟೈರ್ ಎಂದು ಕೇಳಿದರೆ, ಹಲ್ಲು ಎತ್ತರ, ನಡುವೆ ಜಾಗ ದೂರ, ಅಗಲ ಕಡಿಮೆ ಇರುವ ಟೈರ್ ಎನ್ನುತ್ತಾರೆ. ಬೇರೆ ರಾಡಿಯಲ್ಲಿ ಅದು ನಿಜ. ಹಲ್ಲಿನ ನಡುವೆ ಜಾಗವಿದ್ದರೆ ಗಾಲಿ ತಿರುಗುವಾಗ ರಾಡಿ ಸಿಡಿದು ಹೋಗುತ್ತದೆ. ಹಸಿ ಎರೆ ಮಣ್ಣಿನಲ್ಲಿ ಅದೂ ನಡೆಯುವುದಿಲ್ಲ. ಗಾಳಿ ಇಳಿಸಿದರೂ ಪ್ರಯೋಜನವಿಲ್ಲ. ಎರಡು ದಿನ ಬಿಸಿಲು ಬೀಳುವ ತನಕ ಎರೆ ದಾರಿಗೆ ಇಳಿಯಬೇಡಿ, ಗರಸು ಹಾಕಿದ ರಸ್ತೆ ಹಿಡಿಯಿರಿ. ಒಣಗಿದ ಮೇಲೆ ಅದೇ ದಾರಿ ಕಲ್ಲಿನಷ್ಟು ಗಟ್ಟಿ. ಆಗ ಹಲ್ಲು ಸಣ್ಣ, ಹತ್ತಿರ ಹತ್ತಿರ ಇರುವ ಟೈರ್, 32ರಿಂದ 35ರ ಗಾಳಿ ಚೆನ್ನ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳನ್ನು ಅಡ್ಡವಾಗಿ ದಾಟಿ. ಬಿರುಕಿನ ಉದ್ದಕ್ಕೆ ಹೋದರೆ ಗಾಲಿ ಒಳಗೆ ಇಳಿಯುತ್ತದೆ.

ಈಗ ಪಂಕ್ಚರ್. ಊರಲ್ಲಿ ನಿಮ್ಮ ಟ್ಯೂಬ್ ಕೆಡಿಸುತ್ತಿರುವುದು ಬಹುಶಃ ನೆಗ್ಗಿಲ ಮುಳ್ಳು, ಇಲ್ಲವೇ ಜಾಲಿ. ನೆಗ್ಗಿಲು ನೆಲಕ್ಕೆ ಹಬ್ಬಿದ ಬಳ್ಳಿ, ಹಳದಿ ಸಣ್ಣ ಹೂವು. ಕಾಯಿ ಒಣಗಿ ಒಡೆದರೆ ತುಂಡು ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆಯೇ ಇರುತ್ತದೆ. ದಾರಿಯ ಅಂಚಿನಲ್ಲೇ ಅದರ ವಾಸ. ಜಾಲಿ ಮುಳ್ಳು ಉದ್ದ, ಟೈರ್ ದಾಟಿ ಒಳಗೇ ಮುರಿದು ಉಳಿಯುತ್ತದೆ. ಟ್ಯೂಬ್ ಬದಲಿಸುವ ಮುಂಚೆ ಹತ್ತಿ ಬಟ್ಟೆಯನ್ನು ಟೈರಿನ ಒಳಗೆ ಒಂದು ಸುತ್ತು ಎಳೆಯಿರಿ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿನ ತುದಿ ಇದೆ. ಇದನ್ನು ಮಾಡದೆ ಹೊಸ ಟ್ಯೂಬ್ ಹಾಕಿದರೆ ಅದೇ ಮುಳ್ಳಿಗೆ ಅದೂ ಹೋಗುತ್ತದೆ. ಪಂಕ್ಚರ್ ಮೇಲೆ ಪಂಕ್ಚರ್ ಎಂದಿರಲ್ಲ, ಅರ್ಧ ಕಾರಣ ಇದೇ ಇರಬಹುದು.

ನಿಜವಾದ ಪರಿಹಾರ ಸೀಲೆಂಟ್. ಹಾಲಿನಂಥ ರಬ್ಬರ್ ದ್ರವ, ಮುಳ್ಳು ಚುಚ್ಚಿದ ಕಡೆ ಹೊರಗೆ ಬಂದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ರಿಮ್ಮು, ಟೈರ್ ಎರಡೂ ಟ್ಯೂಬ್‌ಲೆಸ್‌ಗೆ ಒಗ್ಗುವಂತಿದ್ದರೆ ನಾನು ಹಿಂದೆ ಮುಂದೆ ನೋಡದೆ ಟ್ಯೂಬ್‌ಲೆಸ್ ಮಾಡಿಸಿ ಎನ್ನುತ್ತೇನೆ. ನಮ್ಮ ಮುಳ್ಳಿನ ನಾಡಿಗೆ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ. ಒಂದು ಗಾಲಿಗೆ ಸುಮಾರು 100 ಮಿಲಿ ಲೀಟರ್ ಹಾಕಿ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ.

ಬಿಸಿಲಿನ ಇನ್ನೊಂದು ಆಟವೂ ಇದೆ. ಬೆಳಗ್ಗೆ 22 ಡಿಗ್ರಿ ಇದ್ದಾಗ 30 ಪಿಎಸ್‌ಐ ಹಾಕಿ ಹೊರಟಿರಿ ಎನ್ನಿ. ಮಧ್ಯಾಹ್ನ ಟೈರ್ 45 ಡಿಗ್ರಿಗೆ ಕಾದರೆ ಅದೇ ಗಾಳಿ ಸುಮಾರು 33.5 ತೋರಿಸುತ್ತದೆ. ಯಾರೂ ಗಾಳಿ ಹಾಕಿಲ್ಲ, ಬಿಸಿಗೆ ಒತ್ತಡ ಏರಿದೆ ಅಷ್ಟೇ. ಬೆಳಗ್ಗೆ ಚೆನ್ನಾಗಿದ್ದ ಗಾಲಿ ಹಿಂದಿರುಗುವಾಗ ಜಾರಿದರೆ ಕಾರಣ ಇದಿರಬಹುದು.

ಟೈರ್ ಸವೆದು ಬದಲಿಸುವ ದಿನ ಬಂದಾಗ ಮೊದಲು ಮುಂದಿನದನ್ನು ಒಳ್ಳೆಯದು ತಗೊಳ್ಳಿ. ಪಕ್ಕದಲ್ಲಿ 57-622 ಎಂಬಂಥ ಅಂಕಿ ಇರುತ್ತದೆ, ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಮಿಲಿಮೀಟರ್‌ನಲ್ಲಿ. 29 ಇಂಚಿನ ಗಾಲಿಗೆ 622 ಇರಲೇಬೇಕು. 27.5ಕ್ಕೆ 584, 26ಕ್ಕೆ 559. 2.4 ಅಗಲದ್ದು ಬೇಕೆನಿಸಿದರೆ ಫ್ರೇಮಿಗೂ ಟೈರಿಗೂ ನಡುವೆ ಜಾಗ ಉಳಿಯುತ್ತದಾ ಎಂದು ಮೊದಲು ಅಳೆಯಿರಿ, ನಿಮ್ಮ ಊರಿನ ರಾಡಿ ನೆನಪಿರಲಿ. ಹಾಕುವಾಗ ಬಾಣದ ಗುರುತು ಗಾಲಿ ತಿರುಗುವ ಕಡೆಗಿರಲಿ.

ಈ ಭಾನುವಾರ ಜಾಂಬೋಟಿಗೆ ಹೊರಡುವಾಗ ಒಂದು ಕೆಲಸ ಮಾಡಿ. ಡಾಂಬರಿನ ಮೇಲೆ 38 ಹಾಕಿಕೊಂಡು ಹೋಗಿ. ಕಚ್ಚಾ ದಾರಿ ಶುರುವಾಗುವಲ್ಲಿ ನಿಂತು 28ಕ್ಕೂ 31ಕ್ಕೂ ಇಳಿಸಿ. ಬ್ಯಾಗಿನಲ್ಲಿ ಸಣ್ಣ ಪಂಪ್, ಮೀಟರ್ ಇರಲಿ, ಬರುವಾಗ ಮತ್ತೆ ತುಂಬಿಸಿಕೊಳ್ಳಬೇಕಲ್ಲ. ಹೋದ ಸಲ ಗಾಲಿ ಜಾರಿದ ಅದೇ ತಿರುವಿನಲ್ಲಿ ಈ ಸಲ ಹೇಗಿತ್ತು, ನನಗೆ ಬರೆದು ತಿಳಿಸಿ.