ಮೈದಾನ ದೊಡ್ಡದಾದರೆ ಕ್ರೀಡೆಯ ಪ್ರಭಾವವೂ ದೊಡ್ಡದೇ?

ಪ್ರಶ್ನೆ: ಮಗಳು ಅಮೆರಿಕದ ಕೆಲವು ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲಿದ್ದಾಳೆ. ಅವಳು ಆಟಗಾರ್ತಿಯಲ್ಲ. ಅಲ್ಲಿನ ಕ್ರೀಡಾ ವಾತಾವರಣವನ್ನೂ ಹೋಲಿಸಿ ನೋಡಬೇಕೆ?

ಉತ್ತರ: ನೋಡಲೇಬೇಕು, ಆದರೆ ಮೈದಾನದ ಗಾತ್ರಕ್ಕಿಂತ ಮೊದಲು, ಒಟ್ಟು ವಿದ್ಯಾರ್ಥಿಗಳಲ್ಲಿ ಕಾಲೇಜು ತಂಡಗಳಿಗೆ ಆಡುವವರ ಪಾಲೆಷ್ಟು ಎಂಬುದನ್ನು ನೋಡಬೇಕು.

ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನಗಳಿವೆ, ಪಂದ್ಯವಿರುವ ಶನಿವಾರಗಳಂದು ಆನ್ ಆರ್ಬರ್ ಊರೇ ಹಳದಿ-ನೀಲಿ ಬಟ್ಟೆ ತೊಡುತ್ತದೆ. ಆದರೆ ಮೂವತ್ತು ಸಾವಿರ ಮೀರಿದ ಪದವಿ ವಿದ್ಯಾರ್ಥಿಗಳಲ್ಲಿ ತಂಡಗಳಲ್ಲಿರುವವರು ಸಾವಿರದ ಆಸುಪಾಸು ಮಾತ್ರ. ಅಲ್ಲಿ ಫುಟ್‌ಬಾಲ್ ಊರ ಜಾತ್ರೆಯಿದ್ದಂತೆ: ಮನಸ್ಸಿದ್ದರೆ ಹೋಗಬಹುದು, ಇಲ್ಲವಾದರೆ ಕೋಣೆಯಲ್ಲಿ ಓದಿಕೊಂಡಿರಬಹುದು, ಯಾರೂ ಕೇಳುವುದಿಲ್ಲ.

ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಮೆರಿಕದ ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಕೊನೆಯದಾದ ಮೂರನೆಯ ಡಿವಿಷನ್‌ನಲ್ಲಿ ಆಡುವ ಈ ಕಾಲೇಜು ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಿಲ್ಲ, ಪಂದ್ಯಗಳಿಗೆ ದೊಡ್ಡ ಜನಸಂದಣಿಯೂ ಸೇರುವುದಿಲ್ಲ. ಆದರೂ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದರಷ್ಟು ಮಂದಿ ಯಾವುದಾದರೊಂದು ತಂಡದಲ್ಲಿರುವುದರಿಂದ, ಸಂಜೆಯ ವೇಳಾಪಟ್ಟಿ, ಊಟದ ಮೇಜು, ವಾರಾಂತ್ಯದ ಕೂಟಗಳು ಎಲ್ಲವೂ ಅಭ್ಯಾಸದ ಲಯಕ್ಕೆ ಹೊಂದಿಕೊಳ್ಳುವ ಸಾಧ್ಯತೆ ಹೆಚ್ಚು. ಆಟಗಾರರಿಗೆ ಗೆಳೆಯರ ಬಳಗ ತಂಡದೊಂದಿಗೇ ಸಿದ್ಧವಾಗಿ ಸಿಗುತ್ತದೆ. ಉಳಿದವರು ನಾಟಕ, ಸಂಗೀತ, ಚಾರಣಗಳ ಮೂಲಕ ಅದನ್ನು ಕಟ್ಟಿಕೊಳ್ಳಬೇಕು. ನಿಮ್ಮ ಮಗಳ ಮಟ್ಟಿಗೆ ನಾನು ಹೆಚ್ಚು ಯೋಚಿಸುವುದು ಈ ಬಗೆಯ ಕಾಲೇಜುಗಳ ಬಗ್ಗೆಯೇ.

ಹಾರ್ವರ್ಡ್ ಇವೆರಡರ ನಡುವೆ ನಿಲ್ಲುತ್ತದೆ. ಏಳು ಸಾವಿರದಷ್ಟು ಪದವಿ ವಿದ್ಯಾರ್ಥಿಗಳಲ್ಲಿ ಸುಮಾರು 1,200 ಮಂದಿ ತಂಡಗಳಲ್ಲಿದ್ದಾರೆ. ಹಾರ್ವರ್ಡ್ ಸೇರಿರುವ ಐವಿ ಲೀಗ್ ಎಂಬುದು ಮೂಲತಃ ಎಂಟು ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ (ನಮ್ಮಲ್ಲಿ ಅದನ್ನು ವಿದ್ಯೆಯ ಬಿರುದೆಂದೇ ತಿಳಿದವರು ಬಹಳ). ಅಲ್ಲಿಯೂ ಕ್ರೀಡಾ ವಿದ್ಯಾರ್ಥಿವೇತನವಿಲ್ಲ. ಆದರೆ ತರಬೇತುದಾರರು ಆರಿಸಿದ ಆಟಗಾರರಲ್ಲಿ ಶೇ. 86ರಷ್ಟು ಮಂದಿಗೆ ಹಾರ್ವರ್ಡ್ ಪ್ರವೇಶ ಕೊಡುತ್ತಿತ್ತೆಂಬುದು ಅದರ ಪ್ರವೇಶ ನೀತಿಯ ವಿರುದ್ಧ ಹೂಡಿದ್ದ, 2018ರಲ್ಲಿ ವಿಚಾರಣೆಗೆ ಬಂದ ಮೊಕದ್ದಮೆಯಿಂದ ಬಯಲಾಯಿತು. ಉಳಿದ ಅರ್ಜಿದಾರರು ಪೈಪೋಟಿ ನಡೆಸುವುದು ಮಿಕ್ಕ ಸ್ಥಾನಗಳಿಗಾಗಿ.

ಪಾಲು ಚಿಕ್ಕದಾದರೂ ನೋಡುಗರ ಉತ್ಸಾಹವೇ ಕ್ಯಾಂಪಸ್ಸನ್ನು ಆಳುವ ಡ್ಯೂಕ್ ವಿಶ್ವವಿದ್ಯಾಲಯದಂಥ ಸ್ಥಳಗಳೂ ಇವೆ. ನೆರೆಯ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ವಿರುದ್ಧದ ಬಾಸ್ಕೆಟ್‌ಬಾಲ್ ಪಂದ್ಯ ನೋಡಲು ಅಲ್ಲಿನ ವಿದ್ಯಾರ್ಥಿಗಳು ಚಳಿಯಲ್ಲಿ ವಾರಗಟ್ಟಲೆ ಡೇರೆ ಹಾಕಿ ಕಾಯುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯವಾದರೋ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟು, ಮೂವತ್ತು ವರ್ಷಗಳ ನಂತರ ಸಣ್ಣ ಪ್ರಮಾಣದಲ್ಲಷ್ಟೇ ಮರಳಿ ತಂದಿತು.

ಆದ್ದರಿಂದ ಅಲ್ಲಿ ಓದುತ್ತಿರುವ ಪರಿಚಿತರು ಸಿಕ್ಕರೆ, ತಂಡ ಗೆಲ್ಲುತ್ತದೆಯೇ ಎಂದು ಕೇಳುವುದಕ್ಕಿಂತ, ಆಟಗಾರರಲ್ಲದವರು ಶುಕ್ರವಾರ ರಾತ್ರಿ ಎಲ್ಲಿ ಸೇರುತ್ತಾರೆಂದು ಕೇಳಿರಿ.