ಬರ್ತಾರೇನ್ರೀ ಎಂದು ಕೇಳುವವರಿಗೆ

2025ರ ಸೆಪ್ಟೆಂಬರ್ 17ರಂದು ಸೌದಿ ಅರೇಬಿಯಾ ಮತ್ತು ಪಾಕಿಸ್ತಾನ ರಿಯಾದ್‌ನಲ್ಲಿ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು. ಅಂದಿನಿಂದ ಜನ ನನಗೆ ನೆಮ್ಮದಿಯಾಗಿ ಒಂದು ಕಪ್ ಚಹಾ ಕುಡಿಯಲು ಬಿಟ್ಟಿಲ್ಲ. ಒಬ್ಬರ ಮೇಲಿನ ಆಕ್ರಮಣ ಇಬ್ಬರ ಮೇಲಿನ ಆಕ್ರಮಣ ಎಂಬ ಸಾಲು ಟಿವಿಯಲ್ಲಿ ದಿನವಿಡೀ ಓಡಿತಲ್ಲ, ಅದರ ಫಲ. ಬೆಳಗಾವಿಯ ಕ್ಯಾಂಪಿನಲ್ಲಿ ಬೆಳಿಗ್ಗೆ ವಾಕಿಂಗ್ ಹೊರಟರೆ ಸಾಕು, "ಸಾಹೇಬ್ರ, ನಾಳೆ ಲಡಾಯಿ ಆದ್ರ ಸೌದಿದವ್ರು ಬರ್ತಾರೇನ್ರೀ?" ಕಾಲೇಜಿನಲ್ಲಿ ಮಾತಾಡಲು ಕರೆದರೆ ಅದೇ ಪ್ರಶ್ನೆ ಬೇರೆ ಅಂಗಿ ತೊಟ್ಟು ಬರುತ್ತದೆ: "ಸರ್, ರಷ್ಯಾ ಎಸ್ಟೋನಿಯಾ ಮೇಲೆ ಬಿದ್ದರೆ ಅಮೆರಿಕ ಬರುತ್ತಾ? ಬರದಿದ್ದರೆ ನ್ಯಾಟೊ ಕತೆ ಮುಗೀತು ಅಲ್ವಾ?"

ನಾನು ಸೇನೆಯಲ್ಲಿದ್ದದ್ದು ಸರಬರಾಜಿನ ಕಡೆ, ಎಎಸ್‌ಸಿಯಲ್ಲಿ. ಇನ್‌ಫೆಂಟ್ರಿಯ ಗೆಳೆಯರು ನಮ್ಮನ್ನು ಅಕ್ಕಿ-ಬೇಳೆ ಸಾಹೇಬರು ಎಂದು ಚುಡಾಯಿಸುತ್ತಿದ್ದರು. ಚುಡಾಯಿಸಿದವರೇ ಡೀಸೆಲ್ ಎರಡು ತಾಸು ತಡವಾದರೆ ವೈರ್‌ಲೆಸ್‌ನಲ್ಲಿ ಬೊಬ್ಬೆ ಹೊಡೆಯುತ್ತಿದ್ದರು. ಈ ಕಸುಬಿನವನಿಗೆ ‘ಬರ್ತಾರಾ ಇಲ್ವಾ’ ಎಂಬುದು ಅರ್ಧ ಪ್ರಶ್ನೆ. ಯಾವ ದಾರಿಯಲ್ಲಿ, ಎಷ್ಟನೇ ದಿನಕ್ಕೆ, ಏನು ಹೊತ್ತುಕೊಂಡು? ಅದನ್ನು ಯಾರೂ ಕೇಳುವುದೇ ಇಲ್ಲ.

ಮೊದಲು ನ್ಯಾಟೊದ, ಅಂದರೆ ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳ ರಕ್ಷಣಾ ಕೂಟದ, ಆ ಪ್ರಸಿದ್ಧ ಐದನೇ ವಿಧಿ. ಇದನ್ನು ಎಷ್ಟು ಕಡೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ ಇನ್ನೊಮ್ಮೆ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ಒಪ್ಪಂದ ಅದು. ಈಗ ಸದಸ್ಯರು 32, ರಷ್ಯಾದ ಗಡಿಗೆ ಹತ್ತಿದ ಪುಟ್ಟ ಎಸ್ಟೋನಿಯವೂ ಅವರಲ್ಲೊಂದು. ಐದನೇ ವಿಧಿಯ ಮೊದಲರ್ಧ ಎಲ್ಲರಿಗೂ ಬಾಯಿಪಾಠ: ಒಬ್ಬ ಸದಸ್ಯನ ಮೇಲೆ ಸಶಸ್ತ್ರ ದಾಳಿಯಾದರೆ ಅದು ಎಲ್ಲರ ಮೇಲೂ ಆದಂತೆ. ಓದು ಇಲ್ಲಿಗೇ ನಿಲ್ಲುತ್ತದೆ. ದಯವಿಟ್ಟು ಮುಂದಿನ ಅರ್ಧವನ್ನೂ ಓದಿ. ಹಾಗಾದಾಗ ಪ್ರತಿಯೊಂದು ದೇಶ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಂಡು ನೆರವಾಗುತ್ತದೆ, ಅದರಲ್ಲಿ ಸೇನಾಬಲದ ಬಳಕೆಯೂ ಸೇರಬಹುದು ಎಂದಿದೆ ಅಲ್ಲಿ. ಯಾರಿಗೆ ತೋರಿದ್ದು? ಆಯಾ ದೇಶಕ್ಕೆ. ಬ್ರಸೆಲ್ಸ್‌ನ ನ್ಯಾಟೊ ಕಚೇರಿಗಲ್ಲ, ಪಕ್ಕದ ದೇಶಕ್ಕಲ್ಲ, ದಾಳಿಗೊಳಗಾದವರಿಗೂ ಅಲ್ಲ. ಸಾಲದ್ದಕ್ಕೆ 11ನೇ ವಿಧಿ, ಪ್ರತಿ ದೇಶವೂ ತನ್ನ ಸಂವಿಧಾನದ ಕ್ರಮದಂತೆ ಇದನ್ನು ಜಾರಿಗೊಳಿಸಬೇಕು ಎನ್ನುತ್ತದೆ. ಯುದ್ಧ ಸಾರುವ ಅಧಿಕಾರ ತಮ್ಮ ಸಂಸತ್ತಾದ ಕಾಂಗ್ರೆಸ್‌ನದು, ಅದನ್ನು ಪರದೇಶದ ಕಾಗದಕ್ಕೆ ಒಪ್ಪಿಸಲಾಗದು ಎಂದು ಅಮೆರಿಕದ ಸೆನೆಟ್ ಅಂದೇ ಪಟ್ಟು ಹಿಡಿದಿತ್ತು.

ಹಳ್ಳಿಯ ಹುಡುಗರಿಗೆ ನಾನು ಹೀಗೆ ಹೇಳುತ್ತೇನೆ. ಯಾರ ಬಣವಿಗೆ ಬೆಂಕಿ ಬಿದ್ದರೂ ಊರೆಲ್ಲ ಬರಬೇಕು ಎಂದು ಪಂಚರ ಮುಂದೆ ಕರಾರಾಗಿದೆ. ಬರುವಾಗ ತುಂಬಿದ ಕೊಡ ತರಬೇಕೋ, ಬರಿಗೈಲಿ ಬಂದು ‘ಅಯ್ಯೋ ಪಾಪ’ ಅನ್ನಬೇಕೋ ಎಂಬುದು ಕರಾರಿನಲ್ಲಿಲ್ಲ. ಅದು ಅವರವರಿಗೆ ಬಿಟ್ಟದ್ದು.

ಹಾಗಾದರೆ ಅದು ಟೊಳ್ಳು ಕಾಗದ ಎಂದು ಕೂಡಲೇ ಇನ್ನೊಂದು ತುದಿಗೆ ಹಾರುವವರಿದ್ದಾರೆ. ತಾಳಿ. ಐದನೇ ವಿಧಿ ಇದುವರೆಗೆ ಚಲಾವಣೆಯಾಗಿರುವುದು ಒಂದೇ ಸಲ, 2001ರ ಸೆಪ್ಟೆಂಬರ್ 12ರಂದು, ಅವಳಿ ಗೋಪುರ ಬಿದ್ದ ಮರುದಿನ. ಯುರೋಪನ್ನು ಅಮೆರಿಕ ಕಾಯಲಿ ಎಂದು ಬರೆದುಕೊಂಡ ವಿಧಿ ಅಮೆರಿಕಕ್ಕಾಗಿ ಚಲಾವಣೆಯಾಯಿತು. ಮುಂದೇನಾಯಿತು? ಅಕ್ಟೋಬರ್‌ನಿಂದ ಮುಂದಿನ ಮೇ ತಿಂಗಳವರೆಗೆ ನ್ಯಾಟೊದ ಏಳು ಅವಾಕ್ಸ್ ರೇಡಾರ್ ಕಣ್ಗಾವಲು ವಿಮಾನಗಳು ಅಮೆರಿಕದ ಆಕಾಶ ಕಾದವು. ಅಫ್ಗಾನಿಸ್ತಾನದ ಯುದ್ಧವನ್ನು ಅಮೆರಿಕ ಆರಂಭಿಸಿದ್ದು ತಾನು ಆರಿಸಿಕೊಂಡ ಕೆಲವರ ಜೊತೆಗೆ. ಅಲ್ಲಿನ ಅಂತರರಾಷ್ಟ್ರೀಯ ಪಡೆಯ ಹೊಣೆ ನ್ಯಾಟೊಗೆ ಬಂದದ್ದು 2003ರ ಆಗಸ್ಟ್‌ನಲ್ಲಿ. ಆದರೆ ಬೆಂಗಳೂರಿನ ಅರ್ಧದಷ್ಟೂ ಜನಸಂಖ್ಯೆಯಿಲ್ಲದ ಡೆನ್ಮಾರ್ಕ್ ಆ ನೆಲದಲ್ಲಿ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಯಾವ ವಿಧಿಯೂ ಅಷ್ಟು ಕೊಡಲೇಬೇಕು ಎಂದಿರಲಿಲ್ಲ. ಈಗ ಅದೇ ಡೆನ್ಮಾರ್ಕಿನ ಗ್ರೀನ್‌ಲ್ಯಾಂಡ್ ತನಗೆ ಬೇಕು ಎಂದು ಅಮೆರಿಕದ ಅಧ್ಯಕ್ಷರು ಕೇಳಿದ್ದನ್ನೂ ನೋಡಿದ್ದೇವೆ. ಇರಲಿ.

2025ರ ಜೂನ್‌ನಲ್ಲಿ ನ್ಯಾಟೊದ ಹೇಗ್ ಶೃಂಗಸಭೆಗೆ ಹೊರಟ ಟ್ರಂಪ್, ಐದನೇ ವಿಧಿಗೆ ಹಲವು ವ್ಯಾಖ್ಯಾನಗಳಿವೆ ಎಂದಾಗ ಯುರೋಪಿನಲ್ಲಿ ಕೋಲಾಹಲವೆದ್ದಿತು. ಕಾನೂನಿನ ಮಟ್ಟಿಗೆ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದು ಬೇರೆ ಸಂಗತಿ. ಎದುರಾಳಿಯ ತಲೆಯಲ್ಲಿರುವ ಅಂಜಿಕೆಯೇ ಈ ಕೂಟದ ಬಂಡವಾಳ. ಅಧ್ಯಕ್ಷರೇ ಅನುಮಾನದ ದನಿಯಲ್ಲಿ ಮಾತಾಡಿದರೆ ಒಪ್ಪಂದದ ಒಂದಕ್ಷರವೂ ಬದಲಾಗದೆ ಆ ಬಂಡವಾಳ ಕರಗುತ್ತದೆ. ಸೆನೆಟ್‌ನ ಮೂರನೇ ಎರಡು ಭಾಗದ ಒಪ್ಪಿಗೆ ಅಥವಾ ಕಾಂಗ್ರೆಸ್‌ನ ಕಾಯ್ದೆ ಇಲ್ಲದೆ ಅಧ್ಯಕ್ಷರು ನ್ಯಾಟೊದಿಂದ ಹೊರಬರುವಂತಿಲ್ಲ ಎಂದು ಅಮೆರಿಕ 2023ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿಕೊಂಡಿದೆ. ಹೊರಹೋಗದಂತೆ ತಡೆಯಬಹುದು; ಒಳಗೇ ಕೂತು ಕೈಕಟ್ಟಿಕೊಂಡರೆ ಯಾವ ಕಾನೂನು ಏನು ಮಾಡೀತು?

ಬೆಳಗಾವಿಯವನಾಗಿ ಆರನೇ ವಿಧಿಯನ್ನು ಬಿಟ್ಟು ಹೋಗಲಾರೆ. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡಿಸಲು ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಇನ್‌ಫೆಂಟ್ರಿ ಡಿವಿಜನ್ ಜಮಾಯಿಸಿದ್ದು ಇದೇ ಊರಿನಲ್ಲಿ. ಪೋರ್ಚುಗಲ್ ಆಗಲೇ ನ್ಯಾಟೊದ ಸ್ಥಾಪಕ ಸದಸ್ಯ. ಹಾಗಿದ್ದರೆ ನ್ಯಾಟೊ ನಮ್ಮ ಮೇಲೆ ಯಾಕೆ ಬರಲಿಲ್ಲ? ನೆಹರೂ ಅದೃಷ್ಟ ಎನ್ನುವವರಿದ್ದಾರೆ, ಸೋವಿಯತ್ ವೀಟೊ ಎನ್ನುವವರಿದ್ದಾರೆ. ಭದ್ರತಾ ಮಂಡಳಿಯಲ್ಲಿ ವೀಟೊ ಬಂದದ್ದು ನಿಜವೇ. ಆದರೆ ಐದನೇ ವಿಧಿ ಯಾವ ನೆಲಕ್ಕೆ ಅನ್ವಯಿಸುತ್ತದೆ ಎಂದು ಆರನೇ ವಿಧಿಯಲ್ಲೇ ಗೆರೆ ಎಳೆದಿದೆ: ಯುರೋಪು, ಟರ್ಕಿ, ಉತ್ತರ ಅಮೆರಿಕ, ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಅಟ್ಲಾಂಟಿಕ್ ದ್ವೀಪಗಳು. ಗೋವಾ ಅದರಲ್ಲಿ ಎಲ್ಲಿಯೂ ಇಲ್ಲ. ಅದೇ ಗೆರೆಯಿಂದಾಗಿ 1982ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳು ಅರ್ಜೆಂಟೀನಾ ಕೈಸೇರಿದಾಗ ಬ್ರಿಟನ್‌ಗೂ ಐದನೇ ವಿಧಿ ಸಿಗಲಿಲ್ಲ. ಅಮೆರಿಕದ್ದೇ ಹವಾಯಿ ರಾಜ್ಯ ಕೂಡ ಆ ಗೆರೆಯ ಹೊರಗೇ ಇದೆ.

ಪಾಕಿಸ್ತಾನದ ಅನುಭವ ಇನ್ನೂ ಕಹಿ. ಐವತ್ತರ ದಶಕದಲ್ಲಿ ಅದು ಅಮೆರಿಕದ ಬೆಂಬಲವಿದ್ದ ಸಿಯಾಟೊ, ಸೆಂಟೊ ಎಂಬ ಎರಡೂ ರಕ್ಷಣಾ ಕೂಟಗಳಿಗೆ ಸೇರಿತ್ತು. ಸಿಯಾಟೊಗೆ ಸಹಿ ಹಾಕುವಾಗಲೇ ಅಮೆರಿಕ, ತನ್ನ ಹೊಣೆ ಕಮ್ಯುನಿಸ್ಟ್ ಆಕ್ರಮಣಕ್ಕೆ ಮಾತ್ರ ಎಂದು ಬರೆದಿಟ್ಟಿತ್ತು. 1965ರ ಯುದ್ಧದಲ್ಲಿ ಅಮೆರಿಕ ಭಾರತ, ಪಾಕಿಸ್ತಾನ ಎರಡಕ್ಕೂ ಶಸ್ತ್ರ ಪೂರೈಕೆ ನಿಲ್ಲಿಸಿತು. ಬೀಗಬೇಕಾಗಿಲ್ಲ, ನಮ್ಮ 1971ರ ಆಗಸ್ಟ್ 9ರ ಸೋವಿಯತ್ ಒಪ್ಪಂದದ ಒಂಬತ್ತನೇ ವಿಧಿಯೂ ದಾಳಿಯಾದರೆ ಇಬ್ಬರೂ ಕೂಡಲೇ ಸಮಾಲೋಚನೆ ನಡೆಸಿ ತಕ್ಕ ಕ್ರಮ ಕೈಗೊಳ್ಳಬೇಕು ಎನ್ನುತ್ತಿತ್ತೇ ಹೊರತು ಸೈನ್ಯ ಕಳಿಸಲೇಬೇಕು ಎನ್ನುತ್ತಿರಲಿಲ್ಲ. ಇನ್ನು ರಷ್ಯಾ ಮುಂದಾಳಾಗಿ ಹಳೆಯ ಸೋವಿಯತ್ ನೆಲದ ಕೆಲವು ದೇಶಗಳು ಕಟ್ಟಿಕೊಂಡ ಸಿಎಸ್‌ಟಿಒ ರಕ್ಷಣಾ ಕೂಟ. 2022ರ ಜನವರಿಯಲ್ಲಿ ಕಜಾಕಿಸ್ತಾನದ ಅಧ್ಯಕ್ಷರು ಕರೆದಾಗ ಕೆಲವೇ ದಿನಗಳಲ್ಲಿ ಸೈನ್ಯ ಇಳಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ದಾಳಿ ಮಾಡಿದೆ ಎಂದು ಕೂಟದ ಸದಸ್ಯ ಆರ್ಮೇನಿಯ ಮೊರೆಯಿಟ್ಟಾಗ ಕಳಿಸಿದ್ದು ಪರಿಶೀಲನಾ ತಂಡವನ್ನು. ಕಾಗದ ಅದೇ, ಸಹಿಗಳೂ ಅವೇ.

ಇಷ್ಟೆಲ್ಲ ಆದಮೇಲೂ ನ್ಯಾಟೊ ಇವತ್ತಿಗೂ ಕೆಲಸ ಮಾಡುತ್ತದೆ ಎಂದೇ ನನ್ನ ಲೆಕ್ಕ. ರಾಜತಾಂತ್ರಿಕರು ಬೇರೆ ಹೇಳಬಹುದು, ನಾನು ಗೋದಾಮಿನ ಕಣ್ಣಿನವನು. ಸಹಿಯ ಸಡಿಲವನ್ನು ಆ ಕೂಟ ನೆಲದ ಮೇಲೆ ತುಂಬಿಕೊಂಡಿದೆ. 2017ರಿಂದ ಎಸ್ಟೋನಿಯದಲ್ಲಿ ಬ್ರಿಟನ್, ಲಾಟ್ವಿಯದಲ್ಲಿ ಕೆನಡಾ, ಲಿಥುವೇನಿಯದಲ್ಲಿ ಜರ್ಮನಿ, ಪೋಲೆಂಡ್‌ನಲ್ಲಿ ಅಮೆರಿಕ ಮುಂದಾಳಾಗಿ ಬಹುದೇಶಗಳ ತುಕಡಿಗಳು ಕೂತಿವೆ. ನಾಳೆ ಎಸ್ಟೋನಿಯದ ಮೇಲೆ ಫಿರಂಗಿ ಹಾರಿದರೆ ಮೊದಲ ದಿನವೇ ಬ್ರಿಟಿಷ್ ಸೈನಿಕ ಸಾಯುತ್ತಾನೆ. ಆಗ ಲಂಡನ್‌ನಲ್ಲಿ ‘ಹೋಗೋಣವೇ’ ಎಂಬ ಚರ್ಚೆ ಉಳಿಯುವುದಿಲ್ಲ, ಹೋಗಿಯಾಗಿದೆ. ಜರ್ಮನಿ ಲಿಥುವೇನಿಯದಲ್ಲಿ ಸುಮಾರು 5,000 ಜನರ ಒಂದಿಡೀ ಬ್ರಿಗೇಡನ್ನೇ ನೆಲೆಗೊಳಿಸುತ್ತಿದೆ. ಎರಡನೇ ಮಹಾಯುದ್ಧದ ನಂತರ ಹೊರದೇಶದಲ್ಲಿ ಅದರ ಮೊದಲ ಕಾಯಂ ಬ್ರಿಗೇಡ್ ಅದು. ಹೆಂಡತಿ ಮಕ್ಕಳೂ ಜೊತೆಗೆ ಹೋಗಬಹುದು. ನನಗೆ ಈ ಸಂಗತಿ ಹತ್ತು ಶೃಂಗಸಭೆಗಳ ಹೇಳಿಕೆಗಿಂತ ದೊಡ್ಡದು.

ನೆಲದ ಮೇಲಿದ್ದರೂ ಸಾಲದು, ಒಬ್ಬರ ಆದೇಶ ಇನ್ನೊಬ್ಬರು ಕೇಳಬೇಕು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಆಫ್ರಿಕದಲ್ಲಿದ್ದಾಗ ಒಂದು ಸಂಜೆ ನಮ್ಮ ರೇಷನ್ ಕಾನ್ವಾಯ್ ಹೊರಡಬೇಕಿತ್ತು, ಬೆಂಗಾವಲು ಇನ್ನೊಂದು ದೇಶದ್ದು. ಕತ್ತಲಾದ ಮೇಲೆ ಚಲಿಸಲು ತಮ್ಮ ರಾಜಧಾನಿಯ ಅಪ್ಪಣೆ ಬೇಕು ಎಂದು ಆ ಕಮಾಂಡರ್ ಫೋನ್ ಹಿಡಿದು ಕೂತರು. ಒಳ್ಳೆಯ ಮನುಷ್ಯ, ನಮ್ಮ ಹುಡುಗರ ಚಪಾತಿ ಇಷ್ಟಪಟ್ಟು ತಿಂದರು; ಕಾನ್ವಾಯ್ ಹೊರಟದ್ದು ಮಾತ್ರ ಬೆಳಗಾದ ಮೇಲೆ. ಈ ಥರದ ದೇಶವಾರು ಷರತ್ತುಗಳು ಅಫ್ಗಾನಿಸ್ತಾನದಲ್ಲಿ ನ್ಯಾಟೊ ಕಮಾಂಡರುಗಳನ್ನೂ ವರ್ಷಗಟ್ಟಲೆ ಕಾಡಿದವು. ಆದರೂ ಅವರ ಬಳಿ ಶಾಂತಿಕಾಲದಲ್ಲೇ ಕೆಲಸ ಮಾಡುವ ಜಂಟಿ ಮುಖ್ಯ ಕಚೇರಿಗಳಿವೆ, ಒಂದೇ ನಮೂನೆಯ ನಕಾಶೆ, ಸಂಕೇತ, ಇಂಧನವಿದೆ. ಬೇರೆ ಯಾವ ಕೂಟಕ್ಕೂ ಅಷ್ಟಿಲ್ಲ.

ಹಾಗೆಂದು ಎಲ್ಲ ಸರಿಯಿಲ್ಲ. ಶೀತಲ ಸಮರದ ಕಾಲದಲ್ಲಿ ಹಾಕಿದ ಇಂಧನದ ಪೈಪ್‌ಲೈನ್ ಜಾಲವೊಂದು ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, ಜರ್ಮನಿಗಳಲ್ಲಿ 5,000 ಕಿಲೋಮೀಟರ್‌ಗೂ ಮೀರಿ ಹಬ್ಬಿದೆ. ಅದು ಮುಗಿಯುವುದು ಜರ್ಮನಿಯ ಪಶ್ಚಿಮ ಭಾಗದಲ್ಲಿ, ಯಾಕೆಂದರೆ ಆಗ ನ್ಯಾಟೊದ ಗಡಿ ಅಲ್ಲಿತ್ತು. ಗಡಿ ಈಗ ನೂರಾರು ಮೈಲಿ ಪೂರ್ವಕ್ಕೆ ಸರಿದಿದೆ, ಪೈಪು ಸರಿದಿಲ್ಲ. ಪೋಲೆಂಡಿಗೆ ಎಳೆಯುವುದು ಇನ್ನೂ ಯೋಜನೆಯ ಹಂತದಲ್ಲಿದೆ. ಪೈಪು ಮುಗಿದಲ್ಲಿಂದ ಮುಂದೆ ಟ್ಯಾಂಕರ್ ಲಾರಿ, ಇಲ್ಲವೇ ರೈಲು. ರೈಲಿನಲ್ಲಿ ಪೋಲೆಂಡ್ ದಾಟಿದರೆ ಹಳಿಯ ಅಗಲ 1435 ಮಿಲಿಮೀಟರಿನಿಂದ 1520ಕ್ಕೆ ಬದಲಾಗುತ್ತದೆ, ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ಎಂಬ ಬಾಲ್ಟಿಕ್ ದೇಶಗಳಲ್ಲಿ ಇಂದಿಗೂ ಬಹುಪಾಲು ರಷ್ಯನ್ ಅಳತೆಯ ಹಳಿ. ಮಿರಜ್‌ನಲ್ಲಿ ಮೀಟರ್‌ಗೇಜ್ ಗಾಡಿ ಇಳಿದು ಗಂಟುಮೂಟೆ ಹೊತ್ತು ಬ್ರಾಡ್‌ಗೇಜ್ ಗಾಡಿಗೆ ಓಡಿದ ನಮ್ಮ ಕಡೆಯ ಹಿರಿಯರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಜಾಗದಲ್ಲಿ 60 ಟನ್ ಮೀರಿದ ಲೆಪರ್ಡ್ ಟ್ಯಾಂಕ್ ಇಳಿಸಿ ಹತ್ತಿಸುವುದನ್ನು ಊಹಿಸಿಕೊಳ್ಳಿ. ನೇರ ಹಳಿ ಹಾಕುವ ರೈಲ್ ಬಾಲ್ಟಿಕ ಯೋಜನೆಗೆ 2030ರ ಗುರಿ ಇದೆ. ಯೋಜನೆಗಳ ಗುರಿ ಎಂದರೇನೆಂದು ನಮಗೆ ಗೊತ್ತೇ ಇದೆ.

ಮದ್ದುಗುಂಡಿನ ಮಾತೂ ಅಷ್ಟೆ. ಒಂದು ವರ್ಷದಲ್ಲಿ ಉಕ್ರೇನಿಗೆ ಹತ್ತು ಲಕ್ಷ ಫಿರಂಗಿ ಗುಂಡು ಕೊಡುತ್ತೇವೆ ಎಂದು ಐರೋಪ್ಯ ಒಕ್ಕೂಟ 2023ರ ಮಾರ್ಚ್‌ನಲ್ಲಿ ಮಾತು ಕೊಟ್ಟಿತು. ಗಡುವಿನ ಹೊತ್ತಿಗೆ ತಲುಪಿದ್ದು ಅರ್ಧದಷ್ಟು. ಕೊಡುವ ಮನಸ್ಸಿತ್ತು, ಕಾರ್ಖಾನೆ ಇರಲಿಲ್ಲ. ಹೇಗ್‌ನಲ್ಲಿ ನ್ಯಾಟೊ ದೇಶಗಳು 2035ರೊಳಗೆ ಜಿಡಿಪಿಯ ಶೇ 5ರಷ್ಟು ಖರ್ಚು ಮಾಡುತ್ತೇವೆ ಎಂದು ಒಪ್ಪಿಕೊಂಡರಲ್ಲ, ಅದರಲ್ಲಿ ಶೇ 3.5 ನೇರ ಸೇನೆಗೆ, ಶೇ 1.5 ರಸ್ತೆ ಸೇತುವೆಯಂಥವಕ್ಕೆ. ಪತ್ರಿಕೆಗಳು ದೊಡ್ಡ ಅಂಕಿಯ ಹಿಂದೆ ಹೋದವು. ನಾನು ಕಾಯುತ್ತಿರುವುದು ಆ ಒಂದೂವರೆಯ ಲೆಕ್ಕಕ್ಕೆ.

(ನ್ಯಾಟೊ ಉಕ್ರೇನಿನಲ್ಲಿ ಸೋತಿತು ಎನ್ನುವವರಿಗೆ: ಉಕ್ರೇನ್ ನ್ಯಾಟೊ ಸದಸ್ಯ ಅಲ್ಲ. ಹತ್ತು ಸಲ ಹೇಳಿಯಾಗಿದೆ.)

ನನಗೆ ನಿಜಕ್ಕೂ ಚಿಂತೆ ಹಚ್ಚುವುದು ಟ್ಯಾಂಕಿನ ಯುದ್ಧವಲ್ಲ, ಯುದ್ಧ ಎಂದು ಕರೆಯಲಾಗದ ಕಿಟಿಕಿಟಿ. 2025ರ ಸೆಪ್ಟೆಂಬರ್‌ನಲ್ಲಿ ಸುಮಾರು 20 ರಷ್ಯನ್ ಡ್ರೋನ್‌ಗಳು ಪೋಲೆಂಡಿನ ಆಕಾಶಕ್ಕೆ ನುಗ್ಗಿದವು. ಅವುಗಳಲ್ಲಿ ಹಲವು ಥರ್ಮೊಕೋಲು, ಪ್ಲೈವುಡ್‌ನ ಅಗ್ಗದ ಮಾಲು. ಕೆಲವನ್ನು ಉರುಳಿಸಲು ಡಚ್ ಎಫ್-35 ವಿಮಾನಗಳು ಏಳಬೇಕಾಯಿತು. ಪೋಲೆಂಡ್ ನಾಲ್ಕನೇ ವಿಧಿಯಡಿ ಸಭೆ ಕರೆಯಿತು, ಅಂದರೆ ಸಮಾಲೋಚನೆ. 2024ರ ಕ್ರಿಸ್‌ಮಸ್ ದಿನ ಫಿನ್‌ಲ್ಯಾಂಡ್ ಮತ್ತು ಎಸ್ಟೋನಿಯದ ನಡುವಿನ ವಿದ್ಯುತ್ ಕೇಬಲ್ ಕಡಿದುಹೋಯಿತು. ಸಮುದ್ರದ ತಳದಲ್ಲಿ ಲಂಗರು ಎಳೆದುಕೊಂಡು ಹೋದ ಆರೋಪದ ಮೇಲೆ ಫಿನ್‌ಲ್ಯಾಂಡ್ ಈಗಲ್ ಎಸ್ ಎಂಬ ತೈಲ ಹಡಗನ್ನು ಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯ ನ್ಯಾಯಾಲಯ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಮೊಕದ್ದಮೆ ವಜಾ ಮಾಡಿತು. ಒಂದು ಲಂಗರು ಸಶಸ್ತ್ರ ದಾಳಿಯೇ? 32 ದೇಶ ಕೂತು ಒಮ್ಮತಕ್ಕೆ ಬರಬೇಕಾದ ಕಡೆ ಇಂಥ ಪ್ರಶ್ನೆ ಎಸೆದರೆ ಸಾಕು. ಬಾಲ್ಟಿಕ್‌ನಲ್ಲಿ ಕಾವಲು ಹಡಗುಗಳನ್ನು ಬಿಟ್ಟಿದ್ದಾರೆ. ಅಲ್ಲಿಯೂ ಕೆಲಸ ಮಾಡುತ್ತಿರುವುದು ಹಡಗೇ, ವಿಧಿಯಲ್ಲ.

ಇನ್ನು ಸೌದಿ. ಆ ಒಪ್ಪಂದದ ಪೂರ್ಣ ಪಠ್ಯವನ್ನು ಎರಡೂ ಸರ್ಕಾರಗಳು ಹೊರಬಿಟ್ಟಿಲ್ಲ, ಹಾಗಾಗಿ ಗಟ್ಟಿಯಾಗಿ ಮಾತಾಡುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಗೊತ್ತಿರುವುದಿಷ್ಟು. 1980ರ ದಶಕದಲ್ಲೇ ಸಾವಿರಾರು ಪಾಕಿಸ್ತಾನಿ ಸೈನಿಕರು ಸೌದಿ ನೆಲದಲ್ಲಿದ್ದರು. ಆದರೂ 2015ರಲ್ಲಿ ಯೆಮೆನ್ ಯುದ್ಧಕ್ಕೆ ಸೌದಿ ಹಡಗು, ವಿಮಾನ, ಸೈನಿಕರನ್ನು ಕೇಳಿದಾಗ ಪಾಕಿಸ್ತಾನದ ಸಂಸತ್ತು ತಟಸ್ಥವಾಗಿರಲು ನಿರ್ಣಯ ಮಾಡಿತು. ಸೌದಿಯಿಂದ ಪಾಕಿಸ್ತಾನಕ್ಕೆ ಬಹುಕಾಲದಿಂದ ಹರಿದುಬಂದಿರುವುದು ಸಾಲ ಮತ್ತು ಉದ್ದರಿ ತೈಲ. ನನ್ನ ಕಸುಬಿನವನು ಅದನ್ನು ಹಗುರಾಗಿ ನೋಡಲಾರ, ಮೂರು ವಾರ ನಡೆಯಬಹುದಾದ ಯುದ್ಧವನ್ನು ಆರು ವಾರಕ್ಕೆ ಎಳೆಯಲು ಉದ್ದರಿ ತೈಲ ಸಾಕು. ವಾಕಿಂಗಿನ ಗೆಳೆಯರಿಗೆ ನಾನು ಕೊಟ್ಟಿರುವ ಉತ್ತರವೂ ಇದೇ: ರಾಜಸ್ಥಾನದ ಗಡಿಯಲ್ಲಿ ಸೌದಿ ಟ್ಯಾಂಕ್ ಹುಡುಕಬೇಡಿ, ಕರಾಚಿ ಬಂದರಿನಲ್ಲಿ ತೈಲ ಹಡಗು ಎಣಿಸಿ. ಅಷ್ಟಾದ ಮೇಲೂ ಒಬ್ಬರು, "ಅದೆಲ್ಲಾ ಖರೇರಿ ಸಾಹೇಬ್ರ, ಆದ್ರ ಬರ್ತಾರೋ ಇಲ್ಲೋ ಹೇಳ್ರಲ್ಲಾ" ಅಂದರು.