ಹಿಂದಿನ ಚಕ್ರದ ಹೊಟ್ಟೆಯೊಳಗಿನ ಗೇರ್

ಸಿಗ್ನಲ್ ಕೆಂಪಾಯಿತು, ದಿಢೀರಂತ ಬ್ರೇಕ್ ಹಿಡಿದಿರಿ. ಸೈಕಲ್ ಮಾತ್ರ ಇನ್ನೂ ಭಾರದ ಗೇರ್‌ನಲ್ಲೇ ಇದೆ. ಹಸಿರು ಬಂದಾಗ ಎದ್ದು ನಿಂತು ಮೈಭಾರವನ್ನೆಲ್ಲ ಹಾಕಿ ತುಳಿದರೂ ಚಕ್ರ ಮಿಸುಕುವುದಿಲ್ಲ. ಹೊರಗೆ ಹಲ್ಲುಚಕ್ರಗಳ ಗೊಂಚಲು ಇರುವ ಡಿರೈಲರ್ ಸೈಕಲ್‌ನಲ್ಲಿ ಇದು ದಿನನಿತ್ಯದ ಪಾಡು. ಚೈನ್ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹಾರಬೇಕು ಅಂದರೆ ಪೆಡಲ್ ತಿರುಗುತ್ತಲೇ ಇರಬೇಕು. ನಿಂತಲ್ಲೇ ಗೇರ್ ಬದಲಿಸೋಕೆ ಆಗುವುದಿಲ್ಲ.

ಹಬ್ ಗೇರ್ ಇರುವ ಸೈಕಲ್‌ನಲ್ಲಿ ಆಗುತ್ತದೆ. ನಿಂತುಕೊಂಡೇ ಹ್ಯಾಂಡಲ್ ಮೇಲಿನ ಲಿವರ್ ಒತ್ತಿದರೆ ಸಾಕು. ಗೇರುಗಳೆಲ್ಲ ಹಿಂದಿನ ಚಕ್ರದ ನಡುವಿನ ಹಬ್‌ನ ಒಳಗೇ ಇರುತ್ತವೆ. ಹೊರಗೆ ಕಾಣುವುದು ಒಂದು ಚೈನ್, ಒಂದೇ ಹಲ್ಲುಚಕ್ರ. ಕೆಸರು, ಮಳೆನೀರು, ಧೂಳು ಯಾವುದೂ ಗೇರುಗಳ ಹತ್ತಿರ ಸುಳಿಯುವುದಿಲ್ಲ. ಚೈನ್ ಯಾವಾಗಲೂ ನೇರವಾಗಿ ಓಡುವುದರಿಂದ ಅದಕ್ಕೆ ಪೂರ್ತಿ ಮುಚ್ಚಿದ ಚೈನ್ ಕವರ್ ಹಾಕಬಹುದು. ಆಗ ಬಟ್ಟೆಗೆ ಗ್ರೀಸ್ ತಾಗುವ ಭಯವೂ ಇಲ್ಲ. ಕೆಲಸಕ್ಕೆ, ಸಂತೆಗೆ, ಶಾಲೆಗೆ ಹೋಗಿಬರುವ ಸೈಕಲ್‌ಗೆ ಇದಕ್ಕಿಂತ ಒಳ್ಳೆ ಏರ್ಪಾಡು ನನಗೆ ಗೊತ್ತಿಲ್ಲ. ಆದರೂ ತುಂಬ ಜನ ಇದರ ಹೆಸರನ್ನೇ ಕೇಳಿಲ್ಲ. ಕೇಳಿದವರಲ್ಲೂ ಅನೇಕರು ‘ಅಯ್ಯೋ, ಅದು ಹಳೇ ಕಾಲದ್ದು’ ಅಂದುಬಿಡುತ್ತಾರೆ. ಹೀಗೆ ಯಾಕಾಯಿತು ಅಂತ ತಿಳಿಯಬೇಕಾದರೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

1890ರ ದಶಕದ ಹೊತ್ತಿಗೆ ಸೈಕಲ್ ಈಗಿನ ಆಕಾರಕ್ಕೆ ಬಂದಿತ್ತು. ಎರಡೂ ಚಕ್ರ ಒಂದೇ ಅಳತೆ, ಗಾಳಿ ತುಂಬಿದ ಟೈರು, ಹಿಂದಕ್ಕೆ ಚೈನ್. ಗೇರ್ ಮಾತ್ರ ಒಂದೇ. ಏರು ಬಂದರೆ ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಕಾಲು ಗಿರಗಿರ ಸುತ್ತಬೇಕು. 1895ರಲ್ಲಿ ಅಮೆರಿಕದ ಸೀವರ್ಡ್ ಜಾನ್ಸನ್ ಹಬ್‌ನೊಳಗೇ ಎರಡು ಗೇರ್ ಕೂರಿಸಿ ಪೇಟೆಂಟ್ ಪಡೆದರು. ಮರುವರ್ಷವೇ ಇಂಗ್ಲೆಂಡಿನಲ್ಲಿ ವಿಲಿಯಂ ರೈಲಿ ಎಂಬ ಎಂಜಿನಿಯರ್ ತಮ್ಮದೇ ಎರಡು ಗೇರಿನ ಹಬ್ಬಿಗೆ ಪೇಟೆಂಟ್ ತೆಗೆದುಕೊಂಡರು. ಅದು ‘ದಿ ಹಬ್’ ಎಂಬ ಹೆಸರಿನಲ್ಲೇ ಮಾರಾಟಕ್ಕೂ ಬಂತು.

ಈ ರೈಲಿಯವರ ಕತೆ ಓದಿದಾಗಲೆಲ್ಲ ನನಗೆ ಕರುಳು ಚುರುಕ್ ಅನ್ನುತ್ತದೆ. ಎರಡು ಗೇರಿನ ಹಬ್ ತಯಾರಿಸುತ್ತಿದ್ದ ಕಂಪನಿಗೆ ಅವರು ತಮ್ಮ ಮುಂದಿನ ಸುಧಾರಣೆಗಳ ಹಕ್ಕನ್ನೂ ಬರೆದುಕೊಟ್ಟಿದ್ದರು. ಹಾಗಾಗಿ ಮೂರು ಗೇರಿನ ಹಬ್ ರೂಪಿಸಿದಾಗ ಅದನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸುವಂತಿರಲಿಲ್ಲ. ಪೇಟೆಂಟ್ ಜೊತೆಗಾರ ಜೇಮ್ಸ್ ಆರ್ಚರ್ ಹೆಸರಿನಲ್ಲಿ ಹೋಯಿತು. ಅದೇ ಹೊತ್ತಿಗೆ ಸೈಕಲ್ ಪತ್ರಕರ್ತ ಹೆನ್ರಿ ಸ್ಟರ್ಮಿ ಕೂಡ ಒಂದು ಮೂರು ಗೇರಿನ ಹಬ್ ಯೋಚಿಸಿದ್ದರು. ನಾಟಿಂಗ್‌ಹ್ಯಾಂನ ರ‍್ಯಾಲಿ ಸೈಕಲ್ ಕಂಪನಿಯ ಒಡೆಯ ಫ್ರ್ಯಾಂಕ್ ಬೌಡೆನ್ ಎಲ್ಲರನ್ನೂ ಒಟ್ಟಿಗೆ ತಂದರು. ತಯಾರಿಕೆಗೆ ಆರಿಸಿಕೊಂಡದ್ದು ರೈಲಿಯವರ ವಿನ್ಯಾಸವನ್ನು. ಹಬ್ಬಿನ ಮೇಲೆ ಕೆತ್ತಿದ ಹೆಸರು ಸ್ಟರ್ಮಿ-ಆರ್ಚರ್. ಇವತ್ತಿಗೂ ಅದೇ ಹೆಸರು. ನಿಜವಾಗಿ ತಲೆ ಓಡಿಸಿದವರ ಹೆಸರು ಅಲ್ಲಿ ಎಲ್ಲೂ ಇಲ್ಲ.

ಸುಮಾರು ಅದೇ ವರ್ಷಗಳಲ್ಲಿ ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಫಿಖ್ಟೆಲ್ ಮತ್ತು ಸಾಕ್ಸ್ ಕಂಪನಿ ‘ಟಾರ್ಪಿಡೊ’ ಹಬ್ ಶುರುಮಾಡಿತು. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಹಬ್ ಅದು. ಆಮೇಲೆ ಅದಕ್ಕೂ ಗೇರ್ ಬಂತು.

ಈಗ ಹಬ್ ಬಿಚ್ಚಿ ಒಳಗೆ ನೋಡೋಣ. ಉದಾಹರಣೆಗೆ 1930ರ ದಶಕದಲ್ಲಿ ಬಂದ ಸ್ಟರ್ಮಿ-ಆರ್ಚರ್ ಎಡಬ್ಲ್ಯೂ (AW) ಎಂಬ ಮೂರು ಗೇರಿನ ಹಬ್ ತಗೊಳ್ಳಿ. ಇದಕ್ಕಿಂತ ಹೆಚ್ಚು ಹೆಸರಾದ ಹಬ್ ಗೇರ್ ಇನ್ನೊಂದಿಲ್ಲ. ನಟ್ಟನಡುವೆ ತಿರುಗದ ಆಕ್ಸಲ್. ಅದರ ಮೇಲೆ 20 ಹಲ್ಲಿನ ಗೇರ್. ಅದು ಸೂರ್ಯ, ಅಲುಗಾಡುವುದಿಲ್ಲ. ಅದರ ಸುತ್ತ 20 ಹಲ್ಲಿನ ಪುಟ್ಟ ಗೇರುಗಳು ಗ್ರಹಗಳ ಹಾಗೆ ಸುತ್ತುತ್ತವೆ. ಅವನ್ನು ಹಿಡಿದಿಡಲು ಒಂದು ಪಂಜರ. ಎಲ್ಲದರ ಹೊರಗೆ, ಒಳಮುಖವಾಗಿ 60 ಹಲ್ಲಿರುವ ಒಂದು ಬಳೆ. ಇಷ್ಟೇ. ಮೂರು ಗೇರಿಗೆ ಮೂರು ಜೊತೆ ಹಲ್ಲುಚಕ್ರ ಇರಬಹುದು ಅಂತ ಅಂದುಕೊಂಡವರಿಗೆ ಇದು ಆಶ್ಚರ್ಯ. ಇರುವುದು ಒಂದೇ ಜೊತೆ.

ಜಾಣತನ ಇರುವುದು ಶಕ್ತಿ ಯಾವ ಬಾಗಿಲಿಂದ ಒಳಗೆ ಬಂದು ಯಾವ ಬಾಗಿಲಿಂದ ಹೊರಗೆ ಹೋಗುತ್ತದೆ ಅನ್ನುವುದರಲ್ಲಿ. ಬಳೆಯಿಂದ ಬಂದು ಪಂಜರದಿಂದ ಹೊರಟರೆ, ಚೈನ್ ಹಲ್ಲುಚಕ್ರವನ್ನು 4 ಸುತ್ತು ತಿರುಗಿಸಿದಾಗ ಗಾಲಿ 3 ಸುತ್ತು ತಿರುಗುತ್ತದೆ. ಅದು ಏರಿಗೆ ಬೇಕಾದ ಹಗುರ ಗೇರ್. ಅದನ್ನೇ ತಿರುವುಮುರುವು ಮಾಡಿ ಪಂಜರದಿಂದ ಒಳಗೆ, ಬಳೆಯಿಂದ ಹೊರಗೆ ಅಂದರೆ 3 ಸುತ್ತಿಗೆ 4 ಸುತ್ತು. ಇಳಿಜಾರಿಗೆ, ಹಿಂದಿನಿಂದ ಗಾಳಿ ಇದ್ದಾಗಿನ ಓಟಕ್ಕೆ ಅದು. ಬಳೆಯಿಂದ ಬಂದದ್ದು ಬಳೆಯಿಂದಲೇ ಹೋದರೆ ನೇರ ಗೇರ್, ಒಂದಕ್ಕೆ ಒಂದು. ಈ ಬಾಗಿಲು ಬದಲಿಸುವ ಕೆಲಸ ಆಕ್ಸಲ್ಲಿನ ಟೊಳ್ಳಿನೊಳಗೆ ಓಡಾಡುವ ಒಂದು ಸಣ್ಣ ಸರಪಳಿಯದ್ದು. ಕೈಗಡಿಯಾರದ ಚೈನಿಗಿಂತಲೂ ಸಪೂರ. ಲಿವರ್ ಎಳೆದರೆ ಅದು ಒಳಗಿನ ಕ್ಲಚ್ಚನ್ನು ಒಂದಿಷ್ಟು ಪಕ್ಕಕ್ಕೆ ಸರಿಸುತ್ತದೆ.

ಎಡಬ್ಲ್ಯೂ ಹಬ್ ಓಡುವಾಗ ‘ಟಿಕ್ ಟಿಕ್ ಟಿಕ್’ ಸದ್ದು ಮಾಡುತ್ತದೆ. ಏನೋ ಸಡಿಲವಾಗಿದೆ ಅಂತ ಗಾಬರಿಯಾಗುವುದು ಬೇಡ. ಎರಡು ಮತ್ತು ಮೂರನೇ ಗೇರ್‌ನಲ್ಲಿ ಗಾಲಿ ಪಂಜರಕ್ಕಿಂತ ವೇಗವಾಗಿ ತಿರುಗುತ್ತದೆ. ಪಂಜರದ ಸ್ಪ್ರಿಂಗ್ ಕೊಕ್ಕೆಗಳು ಹಲ್ಲುಗಳ ಮೇಲೆ ಜಾರಿ ಸದ್ದು ಹುಟ್ಟುತ್ತದೆ. ಒಂದನೇ ಗೇರ್‌ಗೆ ಹಾಕಿ ತುಳಿಯಿರಿ, ಸದ್ದೇ ಇಲ್ಲ. ಅಭ್ಯಾಸ ಆದವರು ಕಿವಿಯಲ್ಲೇ ಗೇರ್ ಗುರುತಿಸುತ್ತಾರೆ.

ಹಳೆಯ ಎಡಬ್ಲ್ಯೂ ಹಬ್‌ನಲ್ಲಿ ಒಂದು ಕೆಟ್ಟ ಗುಣವೂ ಇತ್ತು, ಅದನ್ನು ಮುಚ್ಚಿಡಬಾರದು. ಎರಡು ಮತ್ತು ಮೂರನೇ ಗೇರ್ ನಡುವೆ ಒಂದು ಖಾಲಿ ಜಾಗ ಇತ್ತು. ಕೇಬಲ್ ಸ್ವಲ್ಪ ಹೆಚ್ಚುಕಮ್ಮಿ ಆದರೆ ಕ್ಲಚ್ ಅಲ್ಲಿ ಸಿಕ್ಕಿಕೊಂಡು, ತುಳಿಯುತ್ತಿದ್ದ ಪೆಡಲ್ ಸರ್ರನೆ ಜಾರಿಬಿಡುತ್ತಿತ್ತು. ಎದ್ದು ನಿಂತು ತುಳಿಯುವಾಗ ಹೀಗಾದರೆ ಬೀಳುವುದೇ. ಕೇಬಲ್ ಬಿಗಿ ಸರಿಮಾಡಿದರೆ ತೊಂದರೆ ಹೋಗುತ್ತದೆ, ಎರಡು ನಿಮಿಷದ ಕೆಲಸ. ಆದರೆ ಅದನ್ನು ಸವಾರರಿಗೆ ಹೇಳಿಕೊಟ್ಟವರು ಕಡಿಮೆ. ಹಬ್ ಗೇರ್ ನಂಬೋಕಾಗಲ್ಲ ಅನ್ನುವ ಮಾತು ಹುಟ್ಟಿದ್ದರಲ್ಲಿ ಇದರ ಪಾಲು ಸಾಕಷ್ಟಿದೆ.

ಅಸಲಿಗೆ ನಂಬಿಕೆಯ ವಿಷಯಕ್ಕೆ ಒಂದೇ ಉದಾಹರಣೆ ಸಾಕು. 1939ರಲ್ಲಿ ಇಂಗ್ಲೆಂಡಿನ ಟಾಮಿ ಗಾಡ್ವಿನ್ ಒಂದೇ ವರ್ಷದಲ್ಲಿ 75,065 ಮೈಲಿ ಸೈಕಲ್ ತುಳಿದರು. ದಿನಕ್ಕೆ ಸರಾಸರಿ 200 ಮೈಲಿಗೂ ಜಾಸ್ತಿ! ಅವರ ಸೈಕಲ್‌ನಲ್ಲಿದ್ದದ್ದು ಸ್ಟರ್ಮಿ-ಆರ್ಚರ್ ಹಬ್ ಗೇರ್.

ಹಾಗಾದರೆ ಇದು ಹಿಂದೆ ಬಿದ್ದದ್ದು ಯಾಕೆ? ರೇಸಿನಿಂದ, ಅಂತ ನನ್ನ ಅಭಿಪ್ರಾಯ. ಫ್ರಾನ್ಸಿನ ಹೆಸರಾಂತ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ 1937ರಲ್ಲಿ ಡಿರೈಲರ್‌ಗೆ ಒಪ್ಪಿಗೆ ಕೊಟ್ಟಿತು. ಡಿರೈಲರ್ ಹಗುರ, ಗೇರ್ ಜಾಸ್ತಿ, ಚೊಕ್ಕಟವಾಗಿ ಇಟ್ಟರೆ ಶಕ್ತಿ ಪೋಲಾಗುವುದೂ ಸ್ವಲ್ಪ ಕಡಿಮೆ. ರೇಸಿನವರಿಗೆ ಇದೇ ಸರಿ, ಒಪ್ಪುತ್ತೇನೆ. ಆದರೆ ರೇಸಿನ ಸೈಕಲ್ ಹೇಗಿದೆಯೋ ಎಲ್ಲರ ಸೈಕಲ್ಲೂ ಹಾಗೇ ಇರಬೇಕು ಅನ್ನುವ ಆಸೆ ಬೆಳೆಯಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಸೈಕಲ್ ಅಲೆ ಎದ್ದಾಗ ಜನ ಮುಗಿಬಿದ್ದದ್ದು ಹತ್ತು ಗೇರಿನ ಡಿರೈಲರ್ ಸೈಕಲ್‌ಗೆ. ಮೂರು ಎಲ್ಲಿ, ಹತ್ತು ಎಲ್ಲಿ? ಅಂಕಿ ನೋಡಿ ಕೊಂಡರು. ಮಳೆಯಲ್ಲಿ ನಿಂತ ಸೈಕಲ್‌ನ ಚೈನ್ ಯಾರು ತೊಳೆಯಬೇಕು ಅಂತ ಆಗ ಯಾರೂ ಕೇಳಲಿಲ್ಲ.

2000ದಲ್ಲಿ ನಾಟಿಂಗ್‌ಹ್ಯಾಂನ ಸ್ಟರ್ಮಿ-ಆರ್ಚರ್ ಕಾರ್ಖಾನೆ ಮುಚ್ಚಿತು. ತೈವಾನಿನ ಸನ್‌ರೇಸ್ ಕಂಪನಿ ಅದನ್ನು ಕೊಂಡು ತಯಾರಿಕೆಯನ್ನು ತೈವಾನಿಗೆ ಸಾಗಿಸಿತು.

ಸೈಕಲನ್ನು ವಾಹನ ಅಂತಲೇ ಬಳಸುವ ಕಡೆ ಮಾತ್ರ ಹಬ್ ಗೇರ್ ಹೋಗಲೇ ಇಲ್ಲ. ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಜಪಾನ್ ಬೀದಿಗಳಲ್ಲಿ ಅದು ಎಂದಿನಂತೆ ಓಡುತ್ತಲೇ ಇತ್ತು. ಜಪಾನಿನ ಶಿಮಾನೊ ಕಂಪನಿ 1957ರಲ್ಲೇ ಮೂರು ಗೇರಿನ ಹಬ್ ತಂದಿತ್ತು. ನೆಕ್ಸಸ್ ಹೆಸರಿನಲ್ಲಿ ಏಳು, ಎಂಟು ಗೇರಿನವೂ ಬಂದವು, ಆಮೇಲೆ ಅಲ್ಫೀನ್‌ನಲ್ಲಿ ಹನ್ನೊಂದು. ಜರ್ಮನಿಯ ರೋಲಾಫ್ 1998ರಲ್ಲಿ ಹದಿನಾಲ್ಕು ಗೇರಿನ ಹಬ್ ಕೊಟ್ಟಿತು. ಅತಿ ಹಗುರದ ಗೇರಿಗೂ ಅತಿ ಭಾರದ ಗೇರಿಗೂ ಐದು ಪಟ್ಟಿಗಿಂತ ಜಾಸ್ತಿ ಅಂತರ. ಒಂದರಿಂದ ಇನ್ನೊಂದಕ್ಕೆ ಎಲ್ಲೆಡೆ ಒಂದೇ ಸಮನಾದ ಹೆಜ್ಜೆ, ಸುಮಾರು 13.6%. ಬೆಲೆ ಜಾಸ್ತಿ, ಆದರೆ ಊರೂರು ಸುತ್ತುವ ದೂರದ ಸವಾರರು ಇದನ್ನೇ ಹುಡುಕಿ ಹಾಕಿಸಿಕೊಳ್ಳುತ್ತಾರೆ.

ಈಗ ಹಬ್ ಗೇರ್ ಮತ್ತೆ ಮುನ್ನೆಲೆಗೆ ಬರುತ್ತಿದೆ. ಕಾರಣ ಬೆಲ್ಟ್ ಮತ್ತು ಬ್ಯಾಟರಿ. ಚೈನ್ ಬದಲು ರಬ್ಬರಿನಂಥ ಹಲ್ಲುಬೆಲ್ಟ್ ಹಾಕಿದರೆ ಎಣ್ಣೆಯೇ ಬೇಡ, ಆದರೆ ಬೆಲ್ಟನ್ನು ಚೈನಿನ ಹಾಗೆ ಪಕ್ಕಕ್ಕೆ ಹಾರಿಸಲು ಬರುವುದಿಲ್ಲ. ಗೇರ್ ಒಳಗೇ ಇರಬೇಕು. ಸಾಮಾನು ಹೊತ್ತ ಎಲೆಕ್ಟ್ರಿಕ್ ಸೈಕಲ್ ಸಿಗ್ನಲ್‌ನಲ್ಲಿ ನಿಂತರೆ ನಿಂತಲ್ಲೇ ಹಗುರ ಗೇರಿಗೆ ಇಳಿಯಬೇಕು. ಹೀಗೆ ಮೊದಲಿನ ಗುಣಗಳೇ ಮತ್ತೆ ಕೆಲಸಕ್ಕೆ ಬಂದವು.

ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು ಮೊದಲೇ ತಿಳಿದಿರಲಿ. ಹಿಂದಿನ ಗಾಲಿ ಪಂಕ್ಚರ್ ಆದರೆ ತೆಗೆಯುವುದು ಸ್ವಲ್ಪ ರಗಳೆ. ಮೊದಲು ಗೇರ್ ಕೇಬಲ್ ಬಿಡಿಸಬೇಕು, ಆಮೇಲೆ ಎರಡೂ ಕಡೆಯ ನಟ್. ಆಕ್ಸಲ್ ತಿರುಗದಂತೆ ತಡೆಯುವ ವಾಷರ್‌ಗಳು ಯಾವ ಕಡೆ, ಯಾವ ಮುಖವಾಗಿ ಇದ್ದವು ಅಂತ ನೋಡಿಟ್ಟುಕೊಳ್ಳಬೇಕು. ಹಳೇ ಎಡಬ್ಲ್ಯೂ ಎಲ್ಲಾದರೂ ಸಿಕ್ಕರೆ ಹಬ್ಬಿನ ಮೈ ಒರೆಸಿ ನೋಡಿ. ತಯಾರಾದ ವರ್ಷ, ಎಷ್ಟೋ ಸಲ ತಿಂಗಳು ಕೂಡ ಅಲ್ಲೇ ಒತ್ತಿರುತ್ತಾರೆ. ಪಕ್ಕದಲ್ಲೇ ಎಣ್ಣೆ ಬಿಡಲು ಪುಟ್ಟ ಮುಚ್ಚಳ ಇರುತ್ತದೆ. ನಾಲ್ಕು ಹನಿ ಬಿಟ್ಟು ಗಾಲಿ ತಿರುಗಿಸಿ.